ಕುರ್ಚಿ ಬಿಗಿದಷ್ಟೂ ಗುಂಡು ದೂರ

“ಕೂಕಂಡ್ ಬಿಸಾಡುಕೆ ಎಂತ ಕಷ್ಟ ಮರಾಯಾ?”

ಪುಣೆಯಲ್ಲಿ ಮೂವತ್ತು ವರ್ಷದಿಂದ ಹೋಟೆಲು ನಡೆಸುತ್ತಿರುವ ಭಾವನ ಪ್ರಶ್ನೆ. ಮೊಬೈಲಿನಲ್ಲಿ ಓಡುತ್ತಿದ್ದದ್ದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಗುಂಡು ಎಸೆತ. ನೆಲಬಾಂಬಿಗೆ ಎಡಗಾಲು ಕಳೆದುಕೊಂಡ ಸೈನಿಕ ಹೊಕಾಟೊ ಸೇಮಾ 4 ಕಿಲೋ ಗುಂಡನ್ನು ಕೂತಲ್ಲಿಂದಲೇ 14.65 ಮೀಟರ್ ಎಸೆದು ಕೂತು ಎಸೆಯುವವರ ಎಫ್57 ವಿಭಾಗದ ಕಂಚು ಗೆದ್ದರು. ಅವರು ಪಳಗಿದ್ದು ಭಾವ ದಿನಾ ಸ್ಕೂಟರಿನಲ್ಲಿ ದಾಟುವ ಖಡಕಿಯ ಬಿಇಜಿ (ಸೇನೆಯ ಬಾಂಬೆ ಎಂಜಿನಿಯರ್ ಗ್ರೂಪ್) ಕೇಂದ್ರದಲ್ಲೇ.

ಗುಂಡು ಎಸೆತವೆಂದರೆ ತೋಳಿನ ಕೆಲಸ ಅಂತ ಎಲ್ಲರ ಎಣಿಕೆ. ನಿಂತು ಎಸೆಯುವವರಲ್ಲಿ ತೋಳು ಕೊನೆಯ ಕಂತು ಮಾತ್ರ. ನೆಲ ಒದ್ದ ಕಾಲಿನ ಬಲ ಸೊಂಟಕ್ಕೆ, ಬೆನ್ನಿಗೆ, ಭುಜಕ್ಕೆ ಹತ್ತಿ ಬರುತ್ತದೆ. ಕೂತವರಿಗೆ ಮೊದಲ ಕಂತುಗಳೇ ಖೋತಾ. ಮೇಲಾಗಿ, ಗುಂಡನ್ನು ಮುಂದೆ ತಳ್ಳಿದರೆ ಅದೂ ನಮ್ಮನ್ನು ಅಷ್ಟೇ ಹಿಂದೆ ತಳ್ಳುತ್ತದೆ. ದೋಣಿಯಲ್ಲಿ ಕೂತು ತೆಂಗಿನಕಾಯಿ ಎಸೆದು ನೋಡಿ, ದೋಣಿ ಹಿಂದೆ ಸರಿಯುತ್ತದೆ. ಬೋಲ್ಟು ಹಾಕದ ಗ್ರೈಂಡರು ಅಡುಗೆಮನೆಯೆಲ್ಲ ಓಡಾಡುತ್ತದಲ್ಲ, ಅದೇ ಸಂಕಟ. ಹಾಗಾಗಿ ಎಸೆತದ ಕುರ್ಚಿಗೆ ಚಕ್ರವಿಲ್ಲ. ಪಟ್ಟಿ ಹಾಕಿ ನೆಲಕ್ಕೇ ಬಿಗಿಯುತ್ತಾರೆ. ಈಗ ಹಿಂದಕ್ಕೆ ಸರಿಯಬೇಕಾದರೆ ಭೂಮಿಯೇ ಸರಿಯಬೇಕು!

“ಹಂಗಾರೆ ಎತ್ತರದ ಕುರ್ಚಿ ಹಾಕಿ,” ಅಂದರು ಭಾವ. ಮೆತ್ತೆ ಸೇರಿ 75 ಸೆಂಟಿಮೀಟರ್ ದಾಟುವಂತಿಲ್ಲ. ಎಸೆತ ಮುಗಿಯುವವರೆಗೆ ಆಸನ ಬಿಟ್ಟೇಳುವಂತೆಯೂ ಇಲ್ಲ. ಎತ್ತರ ಕೊಟ್ಟರೂ ದೊಡ್ಡ ಲಾಭವಿಲ್ಲ. ಸೇಮಾ ಅವರ ಎಸೆತಕ್ಕೆ ಲೆಕ್ಕ ಹಾಕಿದೆ: ಗುಂಡು ಕೈಬಿಡುವ ಎತ್ತರ 10 ಸೆಂಟಿಮೀಟರ್ ಹೆಚ್ಚಿದರೆ ದೂರಕ್ಕೆ ಸುಮಾರು 9 ಸೆಂಟಿಮೀಟರ್ ಸೇರುತ್ತದೆ. ವೇಗ ನೂರಕ್ಕೆ ಹತ್ತು ಹೆಚ್ಚಿದರೆ ಎರಡೂವರೆ ಮೀಟರಿಗೂ ಮಿಕ್ಕಿ!

ಕೂತವರಿಗೆ ಆ ವೇಗ ಬರುವುದು ತೋಳಿನ ಜೊತೆ ಬೆನ್ನು-ಹೊಟ್ಟೆಯ ಸ್ನಾಯುಗಳಿಂದ. ಬೆನ್ನುಹುರಿಯ ಗಡ್ಡೆಯಿಂದಾಗಿ ದೀಪಾ ಮಲಿಕ್ ಅವರಿಗೆ ಎದೆಯಿಂದ ಕೆಳಗೆ ಸ್ವಾಧೀನವಿಲ್ಲ. 2016ರ ರಿಯೊದಲ್ಲಿ ಅವರು 4.61 ಮೀಟರ್ ಎಸೆದು ಎಫ್53ರಲ್ಲಿ ಬೆಳ್ಳಿ ಗೆದ್ದಾಗ “ನಮ್ಮ ಶಾಲೆ ಮಕ್ಕಳೇ ಇದಕ್ಕಿಂತ ದೂರ ಹಾಕ್ತಾರೆ” ಅಂದವರಿದ್ದರು. ಮೈ ಮುಂದಕ್ಕೆ ಕುಸಿಯದಂತೆ ಹಿಡಿಯುವ ಸ್ನಾಯುಗಳ ಸ್ವಾಧೀನವೇ ಇಲ್ಲದೆ ಎಸೆದ ದೂರ ಅದು. ಎಫ್53, ಎಫ್57 ಎಂಬ ಅಂಕಿಗಳು ಹೇಳುವುದೂ ಇದನ್ನೇ: ಯಾವ ಕಂತು ಉಳಿದಿದೆ, ಯಾವುದಿಲ್ಲ.

ಅಂದಹಾಗೆ, 1972ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ತಂದ ಮುರಳಿಕಾಂತ ಪೇಟ್ಕರ್ ಇದೇ ಪುಣೆಯ ನಿವಾಸಿ. ಅದೇ ಕೂಟದಲ್ಲಿ ಅವರು ಜಾವೆಲಿನ್ ಕೂಡ ಎಸೆದಿದ್ದರು. “ಊರ ಕಡೆಯವರು ಯಾರೂ ಇಲ್ವಾ?” ಅಕ್ಕ ಕೇಳಿದಳು. ಇದ್ದಾರೆ, ಮಾಲತಿ ಹೊಳ್ಳ. ಕೋಟದ ಹೋಟೆಲಿನವರ ಮಗಳು. ಒಂದು ವರ್ಷದ ಮಗುವಾಗಿದ್ದಾಗ ಜ್ವರದಿಂದ ಅಂಗ ಸ್ವಾಧೀನ ತಪ್ಪಿತು. ಗುಂಡು, ಡಿಸ್ಕಸ್, ಜಾವೆಲಿನ್ ಮೂರನ್ನೂ ಎಸೆದರು, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. “ಪಾಪ, ಹಿಂದಿನ ಜನ್ಮದ್ದು” ಅಂದಳು ಅಕ್ಕ. ನನಗೆ ರೇಗಿತು. ನೆಲಬಾಂಬು, ಗಡ್ಡೆ, ಜ್ವರ ಎಂದು ಕಾರಣಗಳು ಕಣ್ಣೆದುರೇ ಇರುವಾಗ ಹಿಂದಿನ ಜನ್ಮದ ಕಡತ ಯಾಕೆ ತೆಗೆಯಬೇಕು?

ಸಂಜೆ ಭಾವನನ್ನು ತಾರಸಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಾಲೆತ್ತಿಸಿ, 3 ಕಿಲೋ ಅಕ್ಕಿ ಚೀಲ ಕೊಟ್ಟೆ. ಕುರ್ಚಿ ಹಿಂದೆ ಜಾರಿತು, ಚೀಲ ಮುಂದೆ ದೊಪ್ಪೆಂದು ಬಿತ್ತು. ಅಳೆದೆವು: ಒಂದೂವರೆ ಮೀಟರ್.

“ಒಂದ್ಸಲ ಕುರ್ಚಿ ಹಿಡ್ಕೊ ಮರಾಯಾ,” ಅಂದರು ಭಾವ.