ಇಷ್ಟು ಪ್ರಾಪರ್ಟಿ ಟ್ಯಾಕ್ಸ್ ಕಟ್ಟಿದ ಮೇಲೂ ಅಮ್ಮನ ಯೋಗ ಕ್ಲಾಸಿಗೆ ಫೀಸ್ ಯಾಕೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮನೆ ತಗೊಂಡಿದ್ದೀವಿ. ವರ್ಷಕ್ಕೆ ಹದಿನೇಳು-ಹದಿನೆಂಟು ಸಾವಿರ ಡಾಲರ್ ಪ್ರಾಪರ್ಟಿ ಟ್ಯಾಕ್ಸ್ ಸಿಟಿಗೆ ಕಟ್ತೀವಿ. ಊರಿಂದ ಬಂದಿರೋ ಅಪ್ಪ-ಅಮ್ಮನ್ನ ಸೀನಿಯರ್ ಸೆಂಟರ್‌ಗೆ ಕರ್ಕೊಂಡು ಹೋದ್ರೆ ಯೋಗ ಕ್ಲಾಸಿಗೆ ಫೀಸು. ಅಮ್ಮ ಅಡಲ್ಟ್ ಸ್ಕೂಲ್‌ನಲ್ಲಿ ಪೇಂಟಿಂಗ್ ಕಲೀತೀನಿ ಅಂದ್ರೆ ಅದಕ್ಕೂ ಫೀಸು. ಅದೇ ಸ್ಕೂಲ್‌ನಲ್ಲಿ ಇಂಗ್ಲಿಷ್ ಕ್ಲಾಸು ಮಾತ್ರ ಫ್ರೀಯಂತೆ. ನಮ್ಮ ದುಡ್ಡೆಲ್ಲ ಎಲ್ಲಿ ಹೋಗುತ್ತೆ?

ಉತ್ತರ: ಈ ಪ್ರಶ್ನೆ ನನಗೆ ವರ್ಷಕ್ಕೆ ಎರಡು ಸಲ ತಪ್ಪದೇ ಬರುತ್ತದೆ. ಡಿಸೆಂಬರ್ 10ರ ಸುಮಾರಿಗೆ ಒಮ್ಮೆ, ಏಪ್ರಿಲ್ 10ರ ಸುಮಾರಿಗೆ ಇನ್ನೊಮ್ಮೆ. ಪ್ರಾಪರ್ಟಿ ಟ್ಯಾಕ್ಸಿನ ಎರಡು ಕಂತಿನ ಗಡುವು ಅವೇ. ಕೇಳುವವರ ಊರು ಬದಲಾಗುತ್ತದೆ. ಒಬ್ಬರು ಫ್ರೀಮಾಂಟ್, ಇನ್ನೊಬ್ಬರು ಸನಿವೇಲ್, ಮತ್ತೊಬ್ಬರು ಕುಪರ್ಟಿನೋ. ಸಿಟ್ಟು ಮಾತ್ರ ಅದೇ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೀನಿಯರ್ ಸೆಂಟರ್ ನಡೆಸುವುದು ಸಿಟಿ. ಅಡಲ್ಟ್ ಸ್ಕೂಲ್, ಅಂದರೆ ದೊಡ್ಡವರ ಶಾಲೆ, ನಡೆಸುವುದು ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಡಿಸ್ಟ್ರಿಕ್ಟ್, ಅದಕ್ಕೆ ದುಡ್ಡು ಕೊಡುವುದು ರಾಜ್ಯ. ಸೆಂಟರಿನ ಮಧ್ಯಾಹ್ನದ ಊಟಕ್ಕೆ ಫೆಡರಲ್ ಸರ್ಕಾರದ ದುಡ್ಡು. ಹಿರಿಯರನ್ನು ಕರೆದುಕೊಂಡು ಹೋಗುವ ಗಾಡಿಗೆ ಸೇಲ್ಸ್ ಟ್ಯಾಕ್ಸಿನ ದುಡ್ಡು. ನಾಲ್ಕು ಬೇರೆ ಬೇರೆ ಜೇಬು. ಒಂದರ ದುಡ್ಡನ್ನು ಮನಸ್ಸಿಗೆ ಬಂದಂತೆ ಇನ್ನೊಂದಕ್ಕೆ ಹಾಕುವಂತಿಲ್ಲ. ಯಾವ ಕ್ಲಾಸಿಗೆ ಫೀಸು, ಯಾವುದು ಉಚಿತ ಅನ್ನುವುದು ಅದು ಯಾವ ಜೇಬಿನಿಂದ ನಡೆಯುತ್ತದೆ ಅನ್ನುವುದರ ಮೇಲೆ ನಿಂತಿದೆ.

ಆದರೆ ನಿಮ್ಮ ಪ್ರಶ್ನೆಯೊಳಗೇ ಒಂದು ತಪ್ಪು ಆರಾಮಾಗಿ ಕೂತಿದೆ. ಅದನ್ನು ಎಬ್ಬಿಸದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. "ಸಿಟಿಗೆ ಕಟ್ತೀವಿ" ಅಂದಿರಿ. ಇಲ್ಲ, ಸಿಟಿಗೆ ಕಟ್ಟುತ್ತಿಲ್ಲ.

ಬಿಲ್ ಕೈಗೆತ್ತಿಕೊಂಡು ಮೇಲಿನ ಹೆಸರು ಓದಿ. ಅಲಮೀಡಾ ಕೌಂಟಿಯ ತೆರಿಗೆ ವಸೂಲಿ ಕಚೇರಿ ಅಂತ ಇರುತ್ತದೆ. ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆ ಇದ್ದಂತೆ. ಫ್ರೀಮಾಂಟ್ ಸಿಟಿ ನಿಮಗೆ ಆ ಬಿಲ್ ಕಳಿಸಿಲ್ಲ. ಕೌಂಟಿ ಎಲ್ಲರ ಪರವಾಗಿ ವಸೂಲು ಮಾಡಿ ಹಂಚುತ್ತದೆ. ಹಂಚಿಸಿಕೊಳ್ಳುವವರು ಯಾರು? ಕೌಂಟಿ ತಾನೇ ಒಂದು ಪಾಲು ಇಟ್ಟುಕೊಳ್ಳುತ್ತದೆ. ಸ್ಕೂಲ್ ಡಿಸ್ಟ್ರಿಕ್ಟ್, ಓಲೋನಿ ಕಾಲೇಜು ಇರುವ ಕಮ್ಯುನಿಟಿ ಕಾಲೇಜು ಡಿಸ್ಟ್ರಿಕ್ಟ್, ಪಾರ್ಕ್ ಡಿಸ್ಟ್ರಿಕ್ಟ್, ಕಡೆಗೆ ಸಿಟಿ. ಬಿಲ್ಲಿನ ಕೆಳಭಾಗದಲ್ಲಿ ಸೊಳ್ಳೆ ನಿಯಂತ್ರಣಕ್ಕೂ ಒಂದು ಸಾಲು ಇದೆ, ಬೇಕಾದರೆ ನೋಡಿ.

ಈ ತಪ್ಪು ಕಲ್ಪನೆ ಸುಮ್ನೆ ಹುಟ್ಟಿದ್ದಲ್ಲ, ಅದಕ್ಕೆ ಎರಡು ಕಾರಣ ಇದೆ. ಒಂದು, ನಾವು ಬಂದ ಊರು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮನೆ ಕಂದಾಯ ಕಟ್ಟುವುದು ಪಾಲಿಕೆಗೇ. ಅದರ ಜೊತೆ ಲೈಬ್ರರಿ ಸೆಸ್ ಶೇ. 6 ಅಂತ ಬೇರೆ ಕಾಣುತ್ತದೆ. ಕಂದಾಯ ಅಂದರೆ ಪಾಲಿಕೆ ಅನ್ನುವುದು ನಮ್ಮ ತಲೆಯಲ್ಲಿ ಅಚ್ಚೊತ್ತಿ ಕೂತಿದೆ, ಇಲ್ಲಿ ಬಂದ ಮೇಲೂ ಅದೇ ಲೆಕ್ಕ ಹಾಕುತ್ತೇವೆ. ಎರಡನೇ ಕಾರಣ ಆ ಬಿಲ್ಲೇ. ಸೊಳ್ಳೆಯ ಕೆಲವು ಡಾಲರ್‌ಗೆ ಪ್ರತ್ಯೇಕ ಸಾಲು ಕೊಟ್ಟವರು, ಸಾವಿರಗಟ್ಟಲೆ ಇರುವ ಮುಖ್ಯ ತೆರಿಗೆಗೆ 'ಕೌಂಟಿವೈಡ್ ಟ್ಯಾಕ್ಸ್ 1.0000%' ಅಂತ ಒಂದೇ ಸಾಲು ಬರೆದು ಮುಗಿಸಿದ್ದಾರೆ. ಆ ಶೇ. 1 ಯಾರ್‍ಯಾರಿಗೆ ಎಷ್ಟು ಹೋಯಿತು ಅನ್ನುವುದು ಅಲ್ಲಿ ಇಲ್ಲ. ಜನ ತಮಗೆ ತೋಚಿದ್ದನ್ನು ಊಹಿಸಿಕೊಳ್ಳುತ್ತಾರೆ.

ಈಗ ಲೆಕ್ಕ ಮಾಡೋಣ. ನಿಮ್ಮ ಮನೆಯ ತೆರಿಗೆ ಮೌಲ್ಯ 15 ಲಕ್ಷ ಡಾಲರ್ ಅಂತಿಟ್ಟುಕೊಳ್ಳಿ. ಶೇ. 1 ಅಂದರೆ 15,000. ಉಳಿದ ಎರಡು-ಮೂರು ಸಾವಿರ ಶಾಲೆ, ಬಾರ್ಟ್ ರೈಲು ಮುಂತಾದವುಗಳ ಬಾಂಡ್ ಸಾಲ ತೀರಿಸಲು ಮತ್ತು ಬಿಡಿ ಶುಲ್ಕಗಳಿಗೆ. ಆ 15,000ದಲ್ಲಿ ಫ್ರೀಮಾಂಟ್ ಸಿಟಿಗೆ ಸಿಗುವುದು ಡಾಲರ್‌ಗೆ ಸುಮಾರು 15 ಸೆಂಟ್. ಅಂದರೆ ಎರಡು ಸಾವಿರದ ಚಿಲ್ಲರೆ. ಅದರಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕದವರಿಗೇ ದೊಡ್ಡ ಪಾಲು. ಆಮೇಲೆ ರಸ್ತೆ, ಪಾರ್ಕು, ಕಚೇರಿ. ಇಷ್ಟೆಲ್ಲ ಆದ ಮೇಲೆ ಉಳಿದಿದ್ದರಲ್ಲಿ ಲೇಕ್ ಎಲಿಜಬೆತ್ ಹತ್ತಿರದ ಏಜ್ ವೆಲ್ ಸೆಂಟರ್‌ನ ದೀಪ ಉರಿಯಬೇಕು. ಹದಿನೆಂಟು ಸಾವಿರ ಕೊಟ್ಟೆ ಅಂತ ಕೌಂಟರ್‌ನಲ್ಲಿ ಕೂತ ಹುಡುಗಿಯ ಮೇಲೆ ರೇಗಬೇಡಿ.

ಕುಪರ್ಟಿನೋದವರು ಇನ್ನೂ ಜಾಸ್ತಿ ರೇಗುತ್ತಾರೆ, ಅವರ ಸಿಟಿಗೆ ಬರುವುದೋ ಇನ್ನೂ ಕಮ್ಮಿ. ಡಾಲರ್‌ಗೆ ಹತ್ತು ಸೆಂಟ್ ಕೂಡ ಮುಟ್ಟುವುದಿಲ್ಲ. ಯಾಕೆ ಅಂದರೆ 1978ಕ್ಕೆ ಹೋಗಬೇಕು. ಅದಕ್ಕೆ ಮುಂಚೆ ಇಲ್ಲಿ ಪ್ರತಿಯೊಂದು ಸಂಸ್ಥೆಯೂ ತನ್ನ ತೆರಿಗೆ ದರ ತಾನೇ ಇಟ್ಟುಕೊಳ್ಳುತ್ತಿತ್ತು. ಎಲ್ಲ ಸೇರಿ ರಾಜ್ಯದ ಸರಾಸರಿ ಶೇ. 2.67ರ ಹತ್ತಿರ ಇತ್ತು. ಆ ವರ್ಷ ಜೂನ್‌ನಲ್ಲಿ ಮತದಾರರು ನೇರವಾಗಿ ಮತ ಹಾಕಿ ಪ್ರೊಪೊಸಿಷನ್ 13 ಅನ್ನುವ ಪ್ರಸ್ತಾವ ಪಾಸು ಮಾಡಿದರು. ಎಲ್ಲರದ್ದೂ ಸೇರಿ ಶೇ. 1 ದಾಟುವಂತಿಲ್ಲ ಅಂದರು. ಆ ಒಂದನ್ನು ಹಂಚುವುದು ಹೇಗೆ? 1979ರಲ್ಲಿ ಎಬಿ 8 ಅನ್ನುವ ಕಾನೂನು ಬಂತು. ಆಗ ಯಾರು ಎಷ್ಟು ಪಾಲು ವಸೂಲು ಮಾಡುತ್ತಿದ್ದರೋ ಹೆಚ್ಚುಕಮ್ಮಿ ಅದೇ ಅನುಪಾತ ಮುಂದಕ್ಕೂ ಅಂತ ನಿಂತುಹೋಯಿತು. ಕುಪರ್ಟಿನೋ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್, ಮಾಂಟೆ ಸೆರೆನೋ ಆಗ ಆಸ್ತಿ ತೆರಿಗೆಯನ್ನು ಹೆಚ್ಚುಕಮ್ಮಿ ಹಾಕುತ್ತಲೇ ಇರಲಿಲ್ಲ. ಜನರಿಗೆ ಹೊರೆ ಬೇಡ ಅಂತ ಮಿತವಾಗಿ ಬದುಕಿದ ಊರುಗಳಿಗೆ ಅದೇ ಶಿಕ್ಷೆ ಆಯಿತು. ನಂತರ ರಾಜ್ಯ ಸ್ವಲ್ಪ ಸರಿಪಡಿಸಿತು, ಪೂರ್ತಿ ಅಲ್ಲ. ಇದರ ಮೇಲೆ 1992ರಿಂದ ಸಿಟಿ, ಕೌಂಟಿಗಳ ಪಾಲಿನಿಂದ ಇನ್ನೊಂದಿಷ್ಟು ಕಿತ್ತು ಶಾಲೆಗಳ ಕಡೆ ತಿರುಗಿಸಿದರು.

ಹಾಗಾಗಿ ಕುಪರ್ಟಿನೋ ಸೇಲ್ಸ್ ಟ್ಯಾಕ್ಸನ್ನೇ ನೆಚ್ಚಿಕೊಂಡಿತ್ತು. 2023ರಲ್ಲಿ ರಾಜ್ಯದ ತೆರಿಗೆ ಇಲಾಖೆಯ ತಪಾಸಣೆಯಿಂದ ಅದಕ್ಕೂ ದೊಡ್ಡ ಪೆಟ್ಟು ಬಿತ್ತು, ಬಜೆಟ್ ಕತ್ತರಿಸಬೇಕಾಯಿತು. ಆ್ಯಪಲ್ ಇರುವ ಊರಲ್ಲಿ ದುಡ್ಡಿಗೇನು ಕೊರತೆ ಅಂತ ಕೇಳುವವರಿಗೆ ಇದೇ ಉತ್ತರ.

ಇನ್ನು ಕೆಲವರು ಕೇಳುತ್ತಾರೆ, ಪಕ್ಕದ ಮನೆಯ ಅಜ್ಜ ನನ್ನ ಕಾಲು ಭಾಗದಷ್ಟೂ ಕಟ್ಟಲ್ಲ, ಅವರೇ ದಿನಾ ಸೆಂಟರ್‌ಗೆ ಹೋಗ್ತಾರಲ್ಲ? ನಿಜ. ಅವರು 1980ರ ದಶಕದಲ್ಲಿ ಮನೆ ಕೊಂಡವರಾದರೆ, ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಲ್ಲ. ನಿಮ್ಮದು ಕೊಂಡ ಬೆಲೆಗೆ ಬಿದ್ದಿದೆ. ಅದೂ ಪ್ರೊಪೊಸಿಷನ್ 13ರ ಮಹಿಮೆ. ನಿಮ್ಮ ಮನೆಗೂ ಇಂದಿನಿಂದ ಅದೇ ಶೇ. 2ರ ನಿಯಮ. ಇನ್ನು ಮೂವತ್ತು ವರ್ಷಕ್ಕೆ ಪಕ್ಕದ ಮನೆಗೆ ಬರುವ ಹೊಸಬರು ನಿಮ್ಮನ್ನು ನೋಡಿ ಇದನ್ನೇ ಕೇಳುತ್ತಾರೆ.

ಸರಿ, ಸಿಟಿಯ ಯೋಗ ಕ್ಲಾಸು. ಬಹಳಷ್ಟು ಸಿಟಿಗಳಲ್ಲಿ ಹವ್ಯಾಸದ ಕ್ಲಾಸುಗಳು ತಮ್ಮ ಖರ್ಚು ತಾವೇ ಎತ್ತಿಕೊಳ್ಳಬೇಕು ಅನ್ನುವ ನಿಯಮ ಇರುತ್ತದೆ. ಕಲಿಸುವವರ ಸಂಬಳ ಫೀಸಿನಿಂದಲೇ ಬರುತ್ತದೆ. ಹಿರಿಯರಿಗೆ ಕಟ್ಟಡ, ಸಿಬ್ಬಂದಿಯ ಖರ್ಚು ಸಿಟಿ ಹೊರುತ್ತದೆ, ಹಾಗಾಗಿ ಫೀಸು ಕಮ್ಮಿ. ಊರಿನ ಅಭಿವೃದ್ಧಿಗೆ ಅಂತ ಫೆಡರಲ್ ಸರ್ಕಾರ ಕೊಡುವ ಬ್ಲಾಕ್ ಗ್ರ್ಯಾಂಟ್ ಸ್ವಲ್ಪ ಬರುತ್ತದೆ, 1974ರಿಂದ ಇರುವ ಯೋಜನೆ. ಆದರೆ ಅದರಲ್ಲಿ ಇಂಥ ಸೇವೆಗಳಿಗೆ ಶೇ. 15 ಮೀರುವಂತಿಲ್ಲ. ಆ ಶೇ. 15ಕ್ಕೂ ಊರಿನ ಎಲ್ಲ ಸಂಸ್ಥೆಗಳು ಸಾಲು ನಿಂತಿರುತ್ತವೆ. ಹೊಸದಾಗಿ ತೆರಿಗೆ ಹಾಕಲಿ ಅನ್ನುವಿರಾ? ಒಂದು ನಿರ್ದಿಷ್ಟ ಕೆಲಸಕ್ಕೆ ಅಂತ ಸಿಟಿ ತೆರಿಗೆ ಹಾಕಲು ಹೊರಟರೆ ಮೂರನೇ ಎರಡರಷ್ಟು ಮತ ಬೇಕು. ಅದೂ 1978ರದ್ದೇ.

ಅಡಲ್ಟ್ ಸ್ಕೂಲ್ ಕಥೆ ಬೇರೆ, ಮತ್ತು ಇದು ಸ್ವಲ್ಪ ಬೇಸರದ್ದು. ಮೊದಲು ರಾಜ್ಯ ಇದಕ್ಕೆಂದೇ ದುಡ್ಡು ಕೊಡುತ್ತಿತ್ತು, ಹಿರಿಯರ ಕ್ಲಾಸುಗಳೂ ಆ ಪಟ್ಟಿಯಲ್ಲಿದ್ದವು. 2009ರಲ್ಲಿ ಆರ್ಥಿಕ ಕುಸಿತ ಆಯಿತು. ಆ ದುಡ್ಡನ್ನು ಬೇಕಾದ್ದಕ್ಕೆ ಬಳಸಿಕೊಳ್ಳಿ ಅಂತ ರಾಜ್ಯ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ಹೇಳಿತು. ಮಕ್ಕಳ ಶಾಲೆಯೇ ಮುಳುಗುತ್ತಿರುವಾಗ ಯಾರು ಅಜ್ಜಿಯ ಪೇಂಟಿಂಗ್ ಕ್ಲಾಸು ಉಳಿಸುತ್ತಾರೆ? ರಾಜ್ಯದ ಎಷ್ಟೋ ಅಡಲ್ಟ್ ಸ್ಕೂಲ್‌ಗಳು ಸೊರಗಿದವು, ಕೆಲವು ಮುಚ್ಚಿಯೇ ಹೋದವು. 2015ರಲ್ಲಿ ಎಬಿ 104 ಬಂತು, ವರ್ಷಕ್ಕೆ 50 ಕೋಟಿ ಡಾಲರ್ ಮತ್ತೆ ಮೀಸಲಾಯಿತು. ಆದರೆ ಏಳು ವಿಷಯಗಳಿಗೆ ಮಾತ್ರ. ವಲಸೆ ಬಂದವರಿಗೆ ಇಂಗ್ಲಿಷ್ ಮತ್ತು ಪೌರತ್ವದ ಪಾಠ ಅದರಲ್ಲಿದೆ. ಹೈಸ್ಕೂಲ್ ಮುಗಿಸುವುದು, ಕೆಲಸಕ್ಕೆ ಬೇಕಾದ ತರಬೇತಿ ಇದೆ. ಹಿರಿಯರ ಹವ್ಯಾಸ ಇಲ್ಲ. ಮತ್ತೆ ಕೆಲಸಕ್ಕೆ ಸೇರುವ ಹಿರಿಯರಿಗೆ, ಮಕ್ಕಳ ಓದಿಗೆ ನೆರವಾಗಲು ಕಲಿಯುವ ದೊಡ್ಡವರಿಗೆ ಜಾಗ ಇದೆ. ಅಂದರೆ ಮೊಮ್ಮಗಳ ಹೋಂವರ್ಕಿಗೆ ಸಹಾಯ ಮಾಡಲು ಕಲಿಯುತ್ತೇನೆ ಅಂದರೆ ಪಟ್ಟಿಗೆ ಹತ್ತಿರ, ನನ್ನ ಸಂತೋಷಕ್ಕೆ ಬಣ್ಣ ಹಚ್ಚುತ್ತೇನೆ ಅಂದರೆ ಫೀಸು ಕೊಡಿ. ನನಗಿದು ಸರಿ ಅನ್ನಿಸಿಲ್ಲ. ಆದರೆ ನಿಮ್ಮ ಅಮ್ಮನ ಪೇಂಟಿಂಗ್ ಫೀಸಿಗೆ ಕಾರಣ ಇದು, ಸಿಟಿ ಅಲ್ಲ.

ಇಲ್ಲೊಂದು ಎಚ್ಚರಿಕೆ. ಬಿ2 ಅನ್ನುವ ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ-ಅಮ್ಮ ಯಾವ ತರಗತಿಗಾದರೂ ಸೇರಬಹುದು ಅಂದುಕೊಳ್ಳಬೇಡಿ. ಪದವಿಯ ಲೆಕ್ಕಕ್ಕೆ ಬರದ (ಕ್ರೆಡಿಟ್ ಇಲ್ಲದ) ಚಿಕ್ಕ ಹವ್ಯಾಸದ ಕ್ಲಾಸಿಗೆ ಅಡ್ಡಿಯಿಲ್ಲ, ಕ್ರಮಬದ್ಧ ವ್ಯಾಸಂಗಕ್ಕೆ ಆ ವೀಸಾ ಒಪ್ಪುವುದಿಲ್ಲ. ಉಚಿತ ಇಂಗ್ಲಿಷ್ ಕ್ಲಾಸಿಗೆ ಹೆಸರು ಬರೆಸುವ ಮುಂಚೆ ಸ್ಕೂಲ್‌ನಲ್ಲೇ ವಿಚಾರಿಸಿ. ಅನುಮಾನ ಇದ್ದರೆ ವಕೀಲರನ್ನು ಕೇಳಿ, ಪಾರ್ಕಿನ ಬೆಂಚಿನ ಮೇಲೆ ಕೂತ ಅಂಕಲ್‌ಗಳನ್ನಲ್ಲ.

ಲೈಬ್ರರಿಯನ್ನು ಮರೆಯಬೇಡಿ. ಫ್ರೀಮಾಂಟ್‌ನ ಲೈಬ್ರರಿ ಅಲಮೀಡಾ ಕೌಂಟಿಯದು, ಅಲ್ಲಿನ ಕಾರ್ಯಕ್ರಮಗಳಿಗೆ ದುಡ್ಡು ಕೇಳುವುದಿಲ್ಲ. ಹಿರಿಯರ ಗಾಡಿಯ ವಿಷಯಕ್ಕೆ ಬಂದರೆ, ಅಲಮೀಡಾ ಕೌಂಟಿಯವರು 2014ರಲ್ಲಿ ಮೆಷರ್ ಬಿಬಿ ಅಂತ ಒಂದು ಸೇಲ್ಸ್ ಟ್ಯಾಕ್ಸ್ ಒಪ್ಪಿದರು. ಅದರ ಒಂದು ಪಾಲು ಹಿರಿಯರ ಮತ್ತು ಅಂಗವಿಕಲರ ಓಡಾಟಕ್ಕೆ ಮೀಸಲು. ಇದು ಮನೆ ಇದ್ದವರು ಮಾತ್ರ ಕಟ್ಟುವುದಲ್ಲ. ನಿಮ್ಮ ಅಪ್ಪ ಇಲ್ಲಿ ಒಂದು ಜೊತೆ ವಾಕಿಂಗ್ ಶೂ ಕೊಂಡಾಗ ಅವರೂ ಕಟ್ಟಿದ್ದಾರೆ.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ, ಯಾಕೆಂದರೆ ನಮ್ಮವರು ಇದರಲ್ಲಿ ಪ್ರತಿಸಲ ಎಡವುತ್ತಾರೆ. ಸೀನಿಯರ್ ಸೆಂಟರ್‌ನ ಮಧ್ಯಾಹ್ನದ ಊಟ. ಅಲ್ಲಿ ಬೆಲೆ ಇರುವುದಿಲ್ಲ, 'ಇಷ್ಟು ಕೊಟ್ಟರೆ ಒಳ್ಳೆಯದು' ಅಂತ ಒಂದು ಮೊತ್ತ ಬರೆದು ಪೆಟ್ಟಿಗೆ ಇಟ್ಟಿರುತ್ತಾರೆ. ಇದನ್ನು ನೋಡಿದ ಕೂಡಲೇ ನಮ್ಮ ಹಿರಿಯರು ಹಿಂದೆ ಸರಿಯುತ್ತಾರೆ. "ಬಡವರ ಊಟ, ನಾವ್ಯಾಕೆ ತಿನ್ನೋದು? ಯಾರ ಹಂಗೂ ಬೇಡಪ್ಪ."

ಅದು ಬಡವರ ಊಟ ಅಲ್ಲ. 1965ರ ಓಲ್ಡರ್ ಅಮೆರಿಕನ್ಸ್ ಕಾಯ್ದೆಯ ಊಟ, 1972ರಲ್ಲಿ ಸೇರಿದ್ದು. 60 ವರ್ಷ ಆಗಿದ್ದರೆ ಸಾಕು, ಜೊತೆಗಿರುವ ಗಂಡ ಅಥವಾ ಹೆಂಡತಿಗೆ ಎಷ್ಟೇ ವಯಸ್ಸಾಗಿರಲಿ. ಆದಾಯ ನೋಡಿ ಒಳಗೆ ಬಿಡುವುದನ್ನು, ದುಡ್ಡು ಹಾಕದವರನ್ನು ವಾಪಸ್ ಕಳಿಸುವುದನ್ನು ಕಾನೂನೇ ಒಪ್ಪುವುದಿಲ್ಲ. ಯಾರು ಎಷ್ಟು ಹಾಕಿದರು ಅಂತ ಬೇರೆಯವರಿಗೆ ಗೊತ್ತಾಗಬಾರದು ಅಂತಲೂ ಇದೆ. ಒಂಟಿಯಾಗಿ ಕೂತ ಹಿರಿಯರು ಮನೆಯಿಂದ ಹೊರಬಂದು ನಾಲ್ಕು ಜನರ ಜೊತೆ ಊಟ ಮಾಡಲಿ ಅನ್ನುವುದೇ ಆ ಯೋಜನೆಯ ಉದ್ದೇಶ. ಮಗ-ಸೊಸೆ ಬೆಳಗ್ಗೆ ಕೆಲಸಕ್ಕೆ ಹೋದ ಮೇಲೆ ಸಂಜೆವರೆಗೆ ಟಿವಿ ಮುಂದೆ ಕೂರುವ ನಮ್ಮ ಅಪ್ಪ-ಅಮ್ಮಂದಿರಿಗೆ ಇದಕ್ಕಿಂತ ಸರಿಯಾಗಿ ಹೊಂದುವುದು ಇನ್ನೇನು?

ದುಡ್ಡು ಇಳಿದು ಬರುವ ದಾರಿ ಹೀಗಿದೆ. ವಾಷಿಂಗ್ಟನ್‌ನಿಂದ ರಾಜ್ಯದ ವೃದ್ಧಾಪ್ಯ ಇಲಾಖೆಗೆ, ಅಲ್ಲಿಂದ ರಾಜ್ಯದ 33 ಪ್ರಾದೇಶಿಕ ಏಜೆನ್ಸಿಗಳಿಗೆ, ಅಲ್ಲಿಂದ ಊಟ ನಡೆಸುವ ಸಿಟಿಗೋ ಸಂಸ್ಥೆಗೋ. ಅದರಲ್ಲಿ ಒಂದು ಬಾಬತ್ತು ನೇರವಾಗಿ ಹಿಂದಿನ ವರ್ಷ ಎಷ್ಟು ಊಟ ಬಡಿಸಿದರು ಅನ್ನುವ ಲೆಕ್ಕದ ಮೇಲೆ ನಿಂತಿದೆ. ಅಂದರೆ ನಿಮ್ಮ ಅಮ್ಮ ಹೋಗಿ ಊಟ ಮಾಡಿದರೆ ಬೇರೆಯವರ ತಟ್ಟೆಯಿಂದ ಕಿತ್ತುಕೊಂಡಂತೆ ಅಲ್ಲ, ಲೆಕ್ಕಕ್ಕೆ ಒಂದು ಊಟ ಸೇರಿತು. ಸಂಕೋಚ ಪಟ್ಟು ಮನೆಯಲ್ಲೇ ಕೂತರೆ ಯಾರಿಗೂ ಉಪಕಾರ ಇಲ್ಲ. ಸಂಕೋಚ ಇದ್ದೇ ಇದ್ದರೆ ಪೆಟ್ಟಿಗೆಗೆ ಬರೆದಿದ್ದಕ್ಕಿಂತ ಎರಡು ಡಾಲರ್ ಜಾಸ್ತಿ ಹಾಕಲಿ, ಬೇಡ ಅನ್ನುವವರಿಲ್ಲ.

ಮೊದಲ ಸಲ ಹೋದಾಗ ಒಂದು ಫಾರಂ ಕೊಡುತ್ತಾರೆ. ವಯಸ್ಸಿನ ಸಾಲು ಖಂಡಿತ ತುಂಬಿ, ಊಟ ಲೆಕ್ಕಕ್ಕೆ ಬರುವುದೇ ಅದರಿಂದ. ಆದಾಯದ ಸಾಲು ಖಾಲಿ ಬಿಟ್ಟರೂ ಊಟ ಸಿಗುತ್ತದೆ. ಮುಂಚಿತವಾಗಿ ಹೇಳಿಡುವ ಪದ್ಧತಿ ಸಾಮಾನ್ಯವಾಗಿ ಇರುತ್ತದೆ, ಹಾಗಾಗಿ ಆ ದಿನ ಸಸ್ಯಾಹಾರ ಉಂಟಾ ಅಂತ ಫೋನಿನಲ್ಲೇ ಕೇಳಿಬಿಡಿ. ಮತ್ತೆ ನೀವು, 60 ಆಗದ ಮಗ ಅಥವಾ ಮಗಳು, ಜೊತೆಗೆ ಕೂತು ಊಟ ಮಾಡುವುದಾದರೆ ಪೂರ್ತಿ ದುಡ್ಡು ಕೊಡಬೇಕು. ಅದಕ್ಕೂ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೋರಿಸಬೇಡಿ.