ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ಶಿರಸಿ ಸುತ್ತಿನ ಹಳ್ಳಿಯಿಂದ ಏಳೂವರೆಯ ಬಸ್ಸಿಗೆ ಶಾಲೆಗೆ ಹೊರಡುವ ಮಗು ಆರೂಕಾಲಿಗೆ ಏಳಲೇಬೇಕು. ಮಲಗಿಸುವ ಹೊತ್ತನ್ನು ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ನಮ್ಮ ಮನೆಗಳಲ್ಲಿ ಅದನ್ನು ನಿಶ್ಚಯಿಸುವುದು ಧಾರಾವಾಹಿ.

ಅಮೆರಿಕದ ನಿದ್ರಾ ತಜ್ಞರ ಅಕಾಡೆಮಿ 2016ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ದಿನಕ್ಕೆ 4ರಿಂದ 12 ತಿಂಗಳ ಕೂಸಿಗೆ 12–16 ಗಂಟೆ, 1–2 ವರ್ಷಕ್ಕೆ 11–14, 3–5ಕ್ಕೆ 10–13, 6–12ಕ್ಕೆ 9–12, 13–18ಕ್ಕೆ 8–10. ಐದು ವರ್ಷದವರೆಗಿನ ಅಂಕಿಯಲ್ಲಿ ಹಗಲಿನ ನಿದ್ದೆಯೂ ಸೇರಿದೆ.

ಎರಡನೇ ತರಗತಿಯ ಮಗುವಿಗೆ ಹತ್ತು ಗಂಟೆ ಎಂದುಕೊಳ್ಳಿ. ಎಂಟೂಕಾಲಿಗೆ ನಿದ್ದೆ ಹತ್ತಿರಬೇಕು. ಅದಕ್ಕೆ ಇಪ್ಪತ್ತು ನಿಮಿಷವಾದರೂ ಹಿಡಿಯುತ್ತದೆ, ಅಂದರೆ ಎಂಟಕ್ಕೆ ಮೊದಲೇ ಹಾಸಿಗೆಯಲ್ಲಿರಬೇಕು. ಊಟವೇ ಒಂಬತ್ತಕ್ಕಾದರೆ ಇದು ಹೇಗೆ ಸಾಧ್ಯ? ಮಕ್ಕಳಿಗಾದರೂ ಏಳಕ್ಕೆ ಬಡಿಸಿ.

ಹತ್ತಕ್ಕೆ ಮಲಗುತ್ತಿದ್ದ ಮಗುವನ್ನು ಒಂದೇ ದಿನ ಎಂಟಕ್ಕೆ ಮಲಗಿಸಿದರೆ ಅದು ಹೊರಳಾಡುತ್ತದೆ, ನೀರು ಕೇಳುತ್ತದೆ, ಎದ್ದು ಬರುತ್ತದೆ. ಹಿರಿಯರು ‘ಇದಕ್ಕೆ ನಿದ್ದೆಯೇ ಕಮ್ಮಿ’ ಎಂದು ತೀರ್ಮಾನಿಸಿಬಿಡುತ್ತಾರೆ. ಅದರ ಮೆದುಳಿನಲ್ಲಿ ನಿದ್ದೆಯ ಹೊತ್ತಾಯಿತೆಂದು ದೇಹಕ್ಕೆ ತಿಳಿಸುವ ಹಾರ್ಮೋನು ಮೆಲಟೋನಿನ್ ಇನ್ನೂ ಏರಿರುವುದಿಲ್ಲ, ಅಷ್ಟೇ. ಮಲಗುವ ಹೊತ್ತನ್ನು ಮೂರು ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಮುಂಚೆಗೆ ತನ್ನಿ. ಬೆಳಿಗ್ಗೆ ಏಳುವ ಹೊತ್ತನ್ನು ಭಾನುವಾರವೂ ಸಡಿಲಿಸಬೇಡಿ. ಎದ್ದ ಕೂಡಲೇ ಅಂಗಳದ ಬೆಳಕಿಗೆ ಬಿಡಿ. ನಿದ್ದೆಗೆಟ್ಟ ಚಿಕ್ಕ ಮಗು ತೂಕಡಿಸುವುದಕ್ಕಿಂತ ಹಟ ಮಾಡುವುದು, ಕುಣಿದಾಡುವುದು ಹೆಚ್ಚು. ಅದನ್ನು ಚುರುಕುತನ ಎಂದು ತಿಳಿಯಬೇಡಿ.

ಕಾರವಾರ, ಅಂಕೋಲೆಯ ಮೇ ತಿಂಗಳ ಸೆಕೆಯ ತೊಂದರೆಯೇ ಬೇರೆ. ನಿದ್ದೆ ಹತ್ತಲು ದೇಹದ ಒಳಗಿನ ತಾಪ ತುಸು ಇಳಿಯಬೇಕು. ಗಾಳಿಯಲ್ಲೇ ಇಷ್ಟು ತೇವ ಇರುವಾಗ ಬೆವರು ಆರುವುದಿಲ್ಲ, ತಾಪವೂ ಹೊರಗೆ ಹೋಗುವುದಿಲ್ಲ. ಮಲಗುವ ಒಂದು ಗಂಟೆ ಮೊದಲು ಉಗುರು ಬೆಚ್ಚಗಿನ ನೀರಿನ ಸ್ನಾನ ಮಾಡಿಸಿ. ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಆಮೇಲೆ ಫ್ಯಾನಿನ ಗಾಳಿ ಉಳಿದದ್ದನ್ನು ಮಾಡುತ್ತದೆ.

ಹತ್ತನೇ ತರಗತಿಯವರ ದೇಹದ ಗಡಿಯಾರ ಹದಿಹರೆಯದಲ್ಲಿ ತಾನಾಗಿಯೇ ತಡವಾಗುತ್ತದೆ, ಅದು ಸೋಮಾರಿತನವಲ್ಲ. ಹನ್ನೊಂದಕ್ಕೆ ಮಲಗಿದವರನ್ನು ಓದಲೆಂದು ಐದಕ್ಕೆ ಎಬ್ಬಿಸಿದರೆ ಸಿಗುವುದು ಆರೇ ಗಂಟೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ, ಅದನ್ನೇ ನಾವು ಕಸಿಯುತ್ತಿದ್ದೇವೆ.

ರಾತ್ರಿಯಿಡೀ ಯಕ್ಷಗಾನದ ಆಟ ನೋಡಲು ಮಕ್ಕಳನ್ನು ಖಂಡಿತ ಕರೆದೊಯ್ಯಿರಿ. ಮರುದಿನ ಮಧ್ಯಾಹ್ನ ಮೂರರೊಳಗೆ ಒಂದು ಜೊಂಪು ತೆಗೆಯಲಿ, ರಾತ್ರಿ ಬೇಗ ಮಲಗಲಿ.

ಇಷ್ಟಾದರೂ ದಿನವೂ ಬಾಯಿ ತೆರೆದು ಗೊರಕೆ ಹೊಡೆಯುವ, ನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚುವ ಮಗುವಿಗೆ ಗಂಟೆಗಳ ಲೆಕ್ಕ ಸಾಲದು. ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಅಥವಾ ಟಾನ್ಸಿಲ್ ಊದಿರಬಹುದು. ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.