ಹತ್ತಿ ಕೂತವರನ್ನು ಎಳೆದು ಹಾಕಿದ ತಪ್ಪು ಯಾರದ್ದು?

2017ರ ಏಪ್ರಿಲ್ 9, ಭಾನುವಾರ. ಶಿಕಾಗೋದ ಓಹೇರ್ ನಿಲ್ದಾಣದಿಂದ ಕೆಂಟಕಿಯ ಲೂಯಿವಿಲ್‌ಗೆ ಹೊರಡಬೇಕಿದ್ದ ಯುನೈಟೆಡ್ ಎಕ್ಸ್‌ಪ್ರೆಸ್ 3411 ವಿಮಾನ ಭರ್ತಿಯಾಗಿತ್ತು. ಪ್ರಯಾಣಿಕರೆಲ್ಲ ಹತ್ತಿ ಕೂತಾಗಿತ್ತು. ಆದರೆ ಲೂಯಿವಿಲ್‌ನಲ್ಲಿ ಇನ್ನೊಂದು ವಿಮಾನಕ್ಕೆ ಬೇಕಾಗಿದ್ದ ನಾಲ್ವರು ಸಿಬ್ಬಂದಿಯನ್ನೂ ಇದರಲ್ಲೇ ಕಳಿಸಬೇಕಿತ್ತು. ಇಳಿದು ಹೋಗುವವರಿಗೆ ಮೊದಲು 400, ಆಮೇಲೆ 800 ಡಾಲರ್ ವೋಚರ್ ಕೊಡ್ತೀವಿ ಅಂದರು. ಯಾರೂ ಏಳಲಿಲ್ಲ. ಕೊನೆಗೆ ನಾಲ್ವರನ್ನು ಕಂಪನಿಯೇ ಆರಿಸಿತು.

ಮೂವರು ಇಳಿದರು. ನಾಲ್ಕನೆಯವರು 69 ವರ್ಷದ ವೈದ್ಯರು. ಬೆಳಗ್ಗೆ ರೋಗಿಗಳನ್ನು ನೋಡಬೇಕು, ಇಳಿಯಲ್ಲ ಅಂದರು. ನಿಲ್ದಾಣದ ಭದ್ರತಾ ಅಧಿಕಾರಿಗಳು ಬಂದು ಅವರನ್ನು ಸೀಟುಗಳ ನಡುವಿನ ದಾರಿಯಲ್ಲಿ ದರದರನೆ ಎಳೆದುಕೊಂಡು ಹೋದರು. ಮೂಗು ಮುರಿಯಿತು, ಮುಂದಿನ ಎರಡು ಹಲ್ಲು ಹೋದವು. ಅಕ್ಕಪಕ್ಕದವರು ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ಜಗತ್ತೇ ನೋಡಿತು.

ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ನಮಗೆ ಒಂದು ಪ್ರಶ್ನೆ ಬರುತ್ತೆ. ದುಡ್ಡು ಕೊಟ್ಟು, ಹತ್ತಿ ಕೂತ ಮೇಲೂ ಸೀಟು ನಮ್ಮದಲ್ವಾ?

ಈ ಜಗಳ ಹಳೆಯದು. ಟಿಕೆಟ್ ತೆಗೆದುಕೊಂಡವರಲ್ಲಿ ಕೆಲವರು ಬರೋದೇ ಇಲ್ಲ. ಆ ಖಾಲಿ ಸೀಟಿನ ನಷ್ಟ ತಪ್ಪಿಸಲು ವಿಮಾನ ಕಂಪನಿಗಳು ಇರುವುದಕ್ಕಿಂತ ಜಾಸ್ತಿ ಟಿಕೆಟ್ ಮಾರುತ್ತವೆ. ಎಲ್ಲರೂ ಬಂದುಬಿಟ್ಟರೆ ಒಬ್ಬರು ಹೊರಗೆ. 1972ರಲ್ಲಿ ಹಾಗೆ ಹೊರಗುಳಿದವರು ಗ್ರಾಹಕರ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್. ಬೇರೆಯವರಾದರೆ ಗೊಣಗಿಕೊಂಡು ಮನೆಗೆ ಹೋಗುತ್ತಿದ್ದರೇನೋ. ಅವರು ಅಲೆಗೇನಿ ಏರ್‌ಲೈನ್ಸ್ ಮೇಲೆ ಕೇಸು ಹಾಕಿದರು. ಅದು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. ಜಾಸ್ತಿ ಟಿಕೆಟ್ ಮಾರಿದ್ದನ್ನು ಮುಚ್ಚಿಟ್ಟದ್ದಕ್ಕೆ ಕಂಪನಿಯನ್ನು ಕೋರ್ಟಿಗೆ ಎಳೆಯಬಹುದು ಎಂದು 1976ರಲ್ಲಿ ತೀರ್ಪು ಬಂತು.

ಅದಕ್ಕೂ ಮೊದಲೇ, 1968ರಲ್ಲಿ, ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞ ಒಂದು ಉಪಾಯ ಹೇಳಿದ್ದರು. ಹರಾಜು ಹಾಕಿ. ಕಡಿಮೆ ದುಡ್ಡಿಗೆ ಸೀಟು ಬಿಟ್ಟುಕೊಡಲು ಒಪ್ಪುವವರು ಯಾರು ಅಂತ ಕೇಳಿ. ವಿಮಾನ ಕಂಪನಿಗಳು ಕಿವಿಗೇ ಹಾಕಿಕೊಳ್ಳಲಿಲ್ಲ. ಹತ್ತು ವರ್ಷ ಕಳೆದ ಮೇಲೆ, ಮೊದಲು ಸ್ವಇಚ್ಛೆಯಿಂದ ಬಿಡುವವರನ್ನು ಕೇಳಬೇಕು ಎಂಬುದು ಅಮೆರಿಕದಲ್ಲಿ ನಿಯಮವಾಯಿತು.

ನನ್ನ ಪ್ರಕಾರ 3411ರ ತಪ್ಪಿನ ಬೇರು ಇಲ್ಲೇ ಇದೆ. ಹರಾಜನ್ನು ಅರ್ಧಕ್ಕೇ ನಿಲ್ಲಿಸಿದರು. ಒಪ್ಪಿ ಇಳಿಯುವವರಿಗೆ ಇಷ್ಟೇ ಕೊಡಬೇಕು ಅಂತ ಕಾನೂನು ಕಟ್ಟಿಹಾಕಿರಲಿಲ್ಲ. 800ಕ್ಕೆ ಏಳದವರು 1,500ಕ್ಕೆ ಏಳುತ್ತಿದ್ದರೋ ಏನೋ. ಇನ್ನೊಂದು ವಿಷಯ. ಹೆಚ್ಚು ಟಿಕೆಟ್ ಮಾರಿದಾಗಿನ ನಿಯಮಗಳು ಇರೋದು ಹತ್ತುವ ಮುನ್ನ ತಡೆಯುವುದಕ್ಕೆ. ಹತ್ತಿದವರನ್ನು ಇಳಿಸಲು ಯುನೈಟೆಡ್‌ನ ಸ್ವಂತ ಷರತ್ತುಗಳಲ್ಲಿ ಬೇರೆಯೇ ಕಾರಣಗಳ ಪಟ್ಟಿ ಇತ್ತು. ಅದರಲ್ಲಿ ‘ನಮ್ಮ ಸಿಬ್ಬಂದಿಗೆ ಸೀಟು ಬೇಕು’ ಎಂಬುದು ಇರಲಿಲ್ಲ.

ಆದರೂ ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ, ಯುನೈಟೆಡ್ ಸಿಇಒ ಆಸ್ಕರ್ ಮುನೋಜ್ ಮೊದಲ ದಿನ ಸಿಬ್ಬಂದಿಗೆ ಬರೆದ ಪತ್ರದಲ್ಲಿ ಆ ಪ್ರಯಾಣಿಕರೇ ಜಗಳಗಂಟರು ಎಂಬರ್ಥದ ಮಾತಾಡಿದರು. ಮರುದಿನ ಪೂರ್ತಿ ಕ್ಷಮೆ ಕೇಳಿದರು. ವಿಮಾನ ನಡೆಸುತ್ತಿದ್ದದ್ದು ಯುನೈಟೆಡ್ ಹೆಸರಿನಲ್ಲಿ ರಿಪಬ್ಲಿಕ್ ಏರ್‌ಲೈನ್. ಎಳೆದವರು ನಗರದ ವಿಮಾನಯಾನ ಇಲಾಖೆಯವರು. ಆ ಅಧಿಕಾರಿಗಳಲ್ಲಿ ಇಬ್ಬರ ಕೆಲಸ ಹೋಯಿತು. ವೈದ್ಯರೊಂದಿಗೆ ಕಂಪನಿ ಅದೇ ತಿಂಗಳು ರಾಜಿ ಮಾಡಿಕೊಂಡಿತು, ಮೊತ್ತ ಹೊರಬೀಳಲಿಲ್ಲ. ಸೀಟು ಬಿಡುವವರಿಗೆ 10,000 ಡಾಲರ್ ತನಕ ಕೊಡುತ್ತೇವೆ ಎಂದೂ ಘೋಷಿಸಿತು. 800ಕ್ಕೆ ನಿಂತಿದ್ದ ಕಂಪನಿ ಇದೇ! ಹತ್ತಿದವರನ್ನು ಸೀಟು ಸಾಲದೆಂದು ಇಳಿಸುವಂತಿಲ್ಲ ಎಂದು ಅಮೆರಿಕದ ಸಂಸತ್ತು 2018ರಲ್ಲಿ ಕಾನೂನು ಮಾಡಿತು.

ನಮ್ಮಲ್ಲೂ ನಿಯಮವಿದೆ. ಟಿಕೆಟ್ ಇದ್ದೂ ಹೊರಗುಳಿದವರಿಗೆ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡದಿದ್ದರೆ ಪರಿಹಾರ ಕೊಡಬೇಕು, ಹೆಚ್ಚೆಂದರೆ 20,000 ರೂಪಾಯಿ. 2022ರಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಬೆಂಗಳೂರು, ಹೈದರಾಬಾದ್, ದೆಹಲಿಗಳಲ್ಲಿ ಪರಿಶೀಲನೆ ನಡೆಸಿ ಏರ್ ಇಂಡಿಯಾಕ್ಕೆ 10 ಲಕ್ಷ ದಂಡ ಹಾಕಿತು. ಹೊರಗುಳಿದವರಿಗೆ ಕಂಪನಿ ಪರಿಹಾರವನ್ನೇ ಕೊಡುತ್ತಿರಲಿಲ್ಲ ಎಂಬುದು ಆಗ ಬಯಲಾಯಿತು.